ಮುಸಲ್ಲಹಪುರದಲ್ಲಿ ವ್ಯಾಕರಣ

ಪಟ್ನಾದ ಮುಸಲ್ಲಹಪುರ, ಮೂರನೇ ಮಹಡಿ,
ತಗಡಿನ ಮಾಡು, ಮುನ್ನೂರು ತಲೆ, ನಾಲ್ಕು ಫ್ಯಾನು.
ಬೆಳಗಿನ ಆರಕ್ಕೇ ಮೈಕು ಹಿಡಿದು
ರಾಮಪ್ರವೇಶ್ ಸರ್ ಗದರಿಸುತ್ತಾರೆ:
ಕರ್ತೃ ಒಬ್ಬನಾದರೆ ಕ್ರಿಯಾಪದಕ್ಕೆ ಎಸ್,
ಹಲವರಾದರೆ ಬೇಡ.
ಯಾಕೆ ಸರ್, ಎಂದೆ ಒಮ್ಮೆ.
ಒಂಟಿಯಾದವನಿಗೆ ಆಸರೆ ಬೇಡವೇನಮ್ಮ ಗುಂಜನ್, ಅಂದರು.
ಮುನ್ನೂರು ತಲೆ ನಕ್ಕವು.
ನಾನು ಅದನ್ನೂ ಬರೆದುಕೊಂಡೆ.

ನಮ್ಮ ಕೋಣೆ ಎಂಟಡಿಗೆ ಹತ್ತಡಿ. ಇಶರತ್ ಮತ್ತು ನಾನು.
ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಇಪ್ಪತ್ತೆರಡು ನಿಯಮ;
ಹನ್ನೊಂದನೆಯದರ ಮೇಲೆ ಸಾಸಿವೆ ಎಣ್ಣೆ ಸಿಡಿದು
ನೈದರ್ ಕಾಣುತ್ತದೆ, ನಾರ್ ಕಾಣುವುದಿಲ್ಲ.
ಚೋಖಾಕ್ಕೆ ಆಲೂಗಡ್ಡೆ ಹಿಸುಕುತ್ತ ಅವಳು ಕೇಳುತ್ತಾಳೆ:
ಈಚ್ ಆಫ್ ದ ಗರ್ಲ್ಸ್?
ಹ್ಯಾಸ್, ಅನ್ನುತ್ತೇನೆ, ಉಪ್ಪು ಉದುರಿಸುತ್ತ.
ಎಷ್ಟು ಹುಡುಗಿಯರಾದರೂ ಇರಲಿ,
ಈಚ್ ಬಂತೆಂದರೆ ಒಬ್ಬೊಬ್ಬಳೇ ನಿಲ್ಲಬೇಕು.
ಮನೆ ಮಾಲಕಿಗೂ ಗೊತ್ತು ಈ ನಿಯಮ,
ನೀರಿನ ದುಡ್ಡನ್ನು ಅವಳು ತಲೆಗಿಷ್ಟು ಎಂದೇ ಎಣಿಸುತ್ತಾಳೆ.

ನನಗೆ ಸದಾ ತಪ್ಪುವುದು ಅಲಾಂಗ್ ವಿತ್.
ಯಜಮಾನ, ಹೆಂಡತಿ ಮಕ್ಕಳ ಸಮೇತ, ಬರುತ್ತಾನೆ.
ಬರುವವನು ಅವನೊಬ್ಬನೇ.
ಕ್ರಿಯಾಪದ ಅವನ ಮುಖವನ್ನಷ್ಟೇ ನೋಡುತ್ತದೆ.
ಎರಡು ಅಲ್ಪವಿರಾಮಗಳ ನಡುವೆ ಕೂತವರು
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅಲ್ಲಿ ಅಮ್ಮ ಕಾಣುತ್ತಾಳೆ ನನಗೆ,
ಮೊರ ಹಿಡಿದು ಅಕ್ಕಿ ಕೇರುತ್ತ,
ಯಾರೋ ಎದ್ದೇಳು ಅನ್ನಲಿ ಎಂದೂ ಕಾಯದೆ.
ಹಾಗೆ ಕಂಡಾಗಲೆಲ್ಲ ಹ್ಯಾವ್ ಗುರುತು ಮಾಡುತ್ತೇನೆ,
ಅರ್ಧ ಅಂಕ ಕಳೆದುಕೊಳ್ಳುತ್ತೇನೆ.

ನಮ್ಮ ಮಗಹಿಯ ದಾರಿ ಬೇರೆ.
ಅಲ್ಲಿ ಕ್ರಿಯಾಪದ ಕರ್ತೃವಿಗೆ ತಲೆಬಾಗಿ ಸುಮ್ಮನಾಗುವುದಿಲ್ಲ,
ಕೇಳುತ್ತ ಕೂತವರ ಕಡೆಗೂ ಒಮ್ಮೆ ತಿರುಗುತ್ತದೆ.
ಕಳೆದ ಮಾಘದಲ್ಲಿ ತಮ್ಮನ ಫೋನು:
ತೋಹರ್ ಬಕರಿ ಮರ್ ಗೇಲೌ.
ಯಾರದೋ ಆಡು ಸತ್ತಿದ್ದರೆ ಗೇಲೈ ಅನ್ನುತ್ತಿದ್ದ.
ಗೇಲೌ ಅಂದ.
ಸತ್ತದ್ದು ಆಡು, ಕೊನೆಯ ಆ ಔ ಮಾತ್ರ ನನ್ನದು.
ಬಲಗಿವಿ ಹರಿದ ಕರಿ ಆಡು,
ಹೋಳಿಗೆ ಮೊದಲು ಮಾರಿ
ಕೋಚಿಂಗಿನ ಎರಡನೇ ಕಂತು ಕಟ್ಟಬೇಕಿತ್ತು.

ಕ್ಲಾಸು ಮುಗಿದ ಮೇಲೆ ಸರ್ ಹತ್ತಿರ ಹೋದೆ.
ಕಂತು ತಡವಾಗುತ್ತದೆ ಸರ್, ಆಡು ಸತ್ತುಹೋಯಿತು.
ಇಂಗ್ಲಿಷಿನಲ್ಲಿ ಹೇಳು, ಅಂದರು, ಎಲ್ಲರಿಗೂ ಅನ್ನುವ ಹಾಗೆ.
ಮೈ ಗೋಟ್ ಹ್ಯಾವ್ ಡೈಡ್.
ಹ್ಯಾಸ್, ಅಂದರು.
ಹ್ಯಾಸ್, ಅಂದೆ.
ಅವರು ಡಸ್ಟರು ಕೆಳಗಿಟ್ಟರು.
ಮೈಕನ್ನು ಬಾಯಿಂದ ದೂರ ಸರಿಸಿ, ಮೆಲ್ಲಗೆ,
ಅವರೂ ಜಹಾನಾಬಾದಿನ ಕಡೆಯವರಂತೆ,
ನನಗೆ ಅವತ್ತೇ ಗೊತ್ತಾದದ್ದು,
ಕೇಳಿದರು: ಮರ್ ಗೇಲೌ?

ಕಂತಿನ ಮಾತು ಮತ್ತೆ ಬರಲಿಲ್ಲ.
ಮರುದಿನ ಆರಕ್ಕೆ ಅದೇ ಗದರಿಕೆ, ಅದೇ ಎಸ್.

ಇವತ್ತು ಸಂಜೆ ಇಡೀ ಗಲ್ಲಿ ಕೂಗುತ್ತಿದೆ:
ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಆರ್ ಔಟ್!
ಈಸ್, ಅನ್ನುತ್ತಾಳೆ ಇಶರತ್, ಕಿಟಕಿಯಾಚೆ ಯಾರಿಗೋ.
ಹೌದು, ಪಟ್ಟಿ ಒಂದೇ.
ಆಫ್‌ನ ಬೆನ್ನಿಗೆ ಸಾಲುಗಟ್ಟಿದ ಇಷ್ಟು ಸಾವಿರ ಮಂದಿಯಲ್ಲಿ
ಒಬ್ಬರೂ ಆ ಕ್ರಿಯಾಪದಕ್ಕೆ ಬೇಕಿಲ್ಲ.
ಇರುವುದೊಂದು ಫೋನು, ನೆಟ್‌ವರ್ಕು ಒಂದೇ ಗೆರೆ.
ಮೊದಲು ನಿನ್ನದು, ಅನ್ನುತ್ತಾಳೆ. ನಿನ್ನದು, ಅನ್ನುತ್ತೇನೆ.
ಪುಟ ತೆರೆದುಕೊಳ್ಳದೆ ಚಕ್ರ ಸುತ್ತುತ್ತಿದೆ.
ಸ್ಟೌವಿನ ಮೇಲೆ ಐದು ಆಲೂಗಡ್ಡೆ ಬೇಯುತ್ತಿದೆ,
ಅಲ್ಲ, ಬೇಯುತ್ತಿವೆ.